ಮೂರೇ ದಿನಕ್ಕೆ ವಾಪಸ್ ಬರುವ ಪುಸ್ತಕ

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಮನೆ ವಿಜಯನಗರದಲ್ಲಿ, ಕೆಲಸ ವೈಟ್‌ಫೀಲ್ಡ್‌ನಲ್ಲಿ, ಬೆಳೆದದ್ದು ಕಡೂರಿನಲ್ಲಿ. ಹೈಸ್ಕೂಲಿನಲ್ಲಿ ಸಮಾಜ ಪುಸ್ತಕದೊಳಗೆ ಕಾದಂಬರಿ ಇಟ್ಟುಕೊಂಡು ಓದಿ ಅಪ್ಪನ ಹತ್ತಿರ ಬೈಸಿಕೊಂಡವಳು ನಾನು. ಈಗ ಹತ್ತು ಪುಟ ಓದುವಷ್ಟರಲ್ಲಿ ಕೈ ಮೊಬೈಲ್ ಹುಡುಕುತ್ತದೆ, ಕಣ್ಣು ಎಳೆಯುತ್ತದೆ. ಪ್ರತಿ ನವೆಂಬರ್ ರಿಯಾಯಿತಿ ಮಾರಾಟದಲ್ಲಿ ಪುಸ್ತಕ ತರುತ್ತೇನೆ. ಪ್ರಶಸ್ತಿ ಬಂದ ಕಾದಂಬರಿ, ಇತಿಹಾಸ, ವ್ಯಕ್ತಿತ್ವ ವಿಕಸನ, ಎಲ್ಲ ಸೇರಿ ಓದದೇ ಉಳಿದವು 37 ಇವೆ. ಈ ವರ್ಷ 24 ಪುಸ್ತಕ ಓದುತ್ತೇನೆ ಅಂತ ಶಪಥ ಮಾಡಿದ್ದೆ, ಮುಗಿಸಿದ್ದು ಒಂದೂವರೆ. ನನ್ನ ತಲೆಯೇ ಹಾಳಾಗಿದೆಯಾ? ಮತ್ತೆ ಮೊದಲಿನ ಹಾಗೆ ಖುಷಿಯಿಂದ ಓದಲು ಆಗುತ್ತದಾ? ಈ 37 ಪುಸ್ತಕ ಏನು ಮಾಡಲಿ?

ಉತ್ತರ: ನಿಮ್ಮ ತಲೆ ಹಾಳಾಗಿಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಆ ಭಯ ಇಟ್ಟುಕೊಂಡು ಪುಸ್ತಕ ತೆರೆದರೆ ಕಥೆ ಓದುವ ಬದಲು ನಿಮ್ಮನ್ನು ನೀವೇ ಪರೀಕ್ಷೆ ಮಾಡುತ್ತಾ ಕೂರುತ್ತೀರಿ. ಎಷ್ಟು ಪುಟ ಆಯಿತು, ಗಮನ ಇದೆಯಾ, ಹಿಂದಿನ ಪುಟದಲ್ಲಿ ಏನಿತ್ತು, ಹೀಗೆ. ಇಷ್ಟು ಕಾವಲು ಇರುವ ಕಡೆ ಯಾವ ಕಥೆ ತಾನೇ ಒಳಗೆ ಬರುತ್ತದೆ?

ನಾನು 32 ವರ್ಷ ಬೆಂಗಳೂರಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇದ್ದವಳು. ಜಾಸ್ತಿ ಕಾಲ ಕಳೆದದ್ದು ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೌಂಟರಿನಲ್ಲಿ. ನಿಮಗೆ ನೆನಪಿರಬಹುದು, ಲೈಬ್ರರಿ ಪುಸ್ತಕದ ಕೊನೆಗೆ ಒಂದು ಚೀಟಿ ಅಂಟಿಸಿರುತ್ತದೆ, ಅದರ ಮೇಲೆ ಸಾಲಾಗಿ ತಾರೀಖಿನ ಸೀಲುಗಳು. ಆ ಚೀಟಿ ನೋಡಿಯೇ ಪುಸ್ತಕದ ಜಾತಕ ಹೇಳಬಹುದಿತ್ತು. ಒಂದು ಸೀಲಿಗೂ ಮುಂದಿನ ಸೀಲಿಗೂ ಮೂರು ನಾಲ್ಕು ದಿನ ಮಾತ್ರ ಅಂತರ ಇದ್ದರೆ ಆ ಪುಸ್ತಕ ಮನೆಯಿಂದ ಮನೆಗೆ ಓಡುತ್ತಿದೆ ಅಂತ ಅರ್ಥ. ತಂದವರು ಅಡುಗೆ ಮನೆಯಲ್ಲೂ ಕೈಬಿಡದೆ ಓದಿ ಮುಗಿಸಿ ತಂದು ಕೊಟ್ಟಿದ್ದಾರೆ, ಕೌಂಟರಿನಲ್ಲಿ ನಿಂತಿದ್ದ ಇನ್ನೊಬ್ಬರು ಅಲ್ಲೇ ಎತ್ತಿಕೊಂಡು ಹೋಗಿದ್ದಾರೆ. ಇನ್ನು ಕೆಲವು ಚೀಟಿಗಳಲ್ಲಿ ಹದಿನೈದು ದಿನ, ಹದಿನೈದು ದಿನ, ಮತ್ತೆ ಹದಿನೈದು ದಿನ. ಒಬ್ಬರೇ ಮೂರು ಸಲ ಮುಂದಕ್ಕೆ ಹಾಕಿಸಿಕೊಂಡಿರುತ್ತಾರೆ. ಆ ಪುಸ್ತಕ ವಾಪಸ್ ಕೊಡುವಾಗ ಅವರ ಮುಖದಲ್ಲಿ ಒಂದು ಸಣ್ಣ ತಪ್ಪಿತಸ್ಥ ಭಾವ. "ಒಳ್ಳೇ ಪುಸ್ತಕ ಮೇಡಂ, ಓದಲೇಬೇಕು ಅಂದುಕೊಂಡೆ, ಟೈಮೇ ಸಿಗಲಿಲ್ಲ" ಅನ್ನುತ್ತಿದ್ದರು.

ನಾನು ಗಮನಿಸಿದ್ದು ಏನು ಗೊತ್ತಾ? ಎಷ್ಟೋ ಸಲ ಈ ಎರಡೂ ಪುಸ್ತಕ ಒಬ್ಬರೇ, ಒಂದೇ ದಿನ, ಒಂದೇ ಚೀಲದಲ್ಲಿ ಹಾಕಿಕೊಂಡು ಹೋದವು. ಮೂರು ದಿನದಲ್ಲಿ ಒಂದು ಮುಗಿಯಿತು, ಇನ್ನೊಂದಕ್ಕೆ ಒಂದೂವರೆ ತಿಂಗಳು ಸಾಲಲಿಲ್ಲ. ಅದೇ ಮನೆ, ಅದೇ ಮಕ್ಕಳು, ಅದೇ ಆಫೀಸು. ಹಾಗಿದ್ದರೆ ಟೈಮ್ ಎಲ್ಲಿಂದ ಬಂತು? ಅದಕ್ಕೇ ಯಾರಾದರೂ ಟೈಮ್ ಇಲ್ಲ, ಏಕಾಗ್ರತೆ ಇಲ್ಲ ಅಂದರೆ ನಾನು ಮೊದಲು ಕೇಳುವುದು ಕೈಯಲ್ಲಿರುವ ಪುಸ್ತಕ ಯಾವುದು, ಅದನ್ನು ಯಾಕೆ ಎತ್ತಿಕೊಂಡಿರಿ ಅಂತ.

ನಿಮ್ಮ ಪತ್ರದಲ್ಲೇ ಉತ್ತರ ಇದೆ. ಹೈಸ್ಕೂಲಿನಲ್ಲಿ ನೀವು ಕಾದಂಬರಿಯನ್ನು ಸಮಾಜ ಪುಸ್ತಕದೊಳಗೆ ಬಚ್ಚಿಟ್ಟು ಓದಿದಿರಿ. ಆಗ ಓದು ಅಂದರೆ ಕದ್ದು ಮಾಡುವ ಕೆಲಸ. ಯಾರೂ ಹೇಳಿರಲಿಲ್ಲ, ಯಾರೂ ಲೆಕ್ಕ ಇಟ್ಟಿರಲಿಲ್ಲ, ಓದಿದರೆ ಮಾರ್ಕ್ಸ್ ಬರುವ ಹಾಗೂ ಇರಲಿಲ್ಲ. ಈಗ ನೀವು ಕಾದಂಬರಿಯನ್ನೇ ಸಮಾಜ ಪುಸ್ತಕ ಮಾಡಿಟ್ಟಿದ್ದೀರಿ. ವರ್ಷಕ್ಕೆ 24 ಅನ್ನುವುದು ಸಿಲಬಸ್ಸು. ತಿಂಗಳಿಗೆ ಎರಡು ಅನ್ನುವುದು ಟೆಸ್ಟು. ಆ ಸಮಾಜ ಪುಸ್ತಕದೊಳಗೆ ಈಗ ನೀವು ಬಚ್ಚಿಟ್ಟು ನೋಡುತ್ತಿರುವುದು ಮೊಬೈಲ್, ಅಷ್ಟೇ ವ್ಯತ್ಯಾಸ. ನಿಮ್ಮ ಸ್ವಭಾವ ಒಂದಿಷ್ಟೂ ಬದಲಾಗಿಲ್ಲ. ಹೇಳಿಕೊಟ್ಟ ಕೆಲಸ ಬಿಟ್ಟು ಮನಸ್ಸಿಗೆ ಬೇಕಾದದ್ದರ ಕಡೆ ಹೋಗುವ ಅದೇ ಹುಡುಗಿ ನೀವು. ಅವಳ ಕೈಗೆ ಮತ್ತೆ ಕಾದಂಬರಿ ಕೊಟ್ಟರೆ ಸಾಕು.

ಮೊದಲ ಕೆಲಸ, ಆ 24ರ ಲೆಕ್ಕ ಇವತ್ತೇ ಬಿಟ್ಟುಬಿಡಿ. 12 ಮಾಡಿಕೊಳ್ಳಬೇಡಿ, 6 ಕೂಡ ಬೇಡ. ಲೆಕ್ಕ ಇದ್ದರೆ ಮನಸ್ಸು ತೆಳ್ಳಗಿನ ಪುಸ್ತಕ ಹುಡುಕುತ್ತದೆ, ಬೇಗ ಬೇಗ ಪುಟ ತಿರುಗಿಸುತ್ತದೆ. ಆದರೆ ಖುಷಿಯ ಓದು ನಡೆಯುವುದು ಬೇರೆ ರೀತಿ. ದಕ್ಷಿಣ ಆಫ್ರಿಕಾದ ಮನಶ್ಶಾಸ್ತ್ರಜ್ಞ ವಿಕ್ಟರ್ ನೆಲ್ ಸುಮ್ನೆ ಖುಷಿಗಾಗಿ ಓದುವವರನ್ನೇ ಕೂರಿಸಿಕೊಂಡು ವರ್ಷಗಟ್ಟಲೆ ಅಧ್ಯಯನ ಮಾಡಿ 1988ರಲ್ಲಿ ಅದನ್ನು ಪ್ರಕಟಿಸಿದರು. ಅವರಿಗೆ ಕಂಡ ಒಂದು ಸಂಗತಿ ನನಗೆ ತುಂಬಾ ಇಷ್ಟ. ಓದುಗರು ತಮಗೆ ಬಹಳ ಹಿಡಿಸಿದ ಪುಟಗಳಿಗೆ ಬಂದಾಗ ನಿಧಾನ ಮಾಡುತ್ತಿದ್ದರು. ಹಪ್ಪಳ ಸಂಡಿಗೆ ಎಲ್ಲ ಬೇಗ ಮುಗಿಸಿ ಹೋಳಿಗೆಯನ್ನು ಚೂರು ಚೂರೇ ಮುರಿದು ತಿನ್ನುವುದಿಲ್ಲವಾ, ಹಾಗೆ. ವೇಗದ ಲೆಕ್ಕ ಇಟ್ಟುಕೊಂಡರೆ ಆ ಹೋಳಿಗೆಯನ್ನೂ ಗಬಗಬ ನುಂಗಬೇಕಾಗುತ್ತದೆ.

ಎರಡನೆಯದು, ಯಾವ ಪುಸ್ತಕ. ಇಲ್ಲಿ ಸ್ವಲ್ಪ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ 37ರ ರಾಶಿಯಲ್ಲಿ ನಿಮಗೆ ಬೇಕು ಅಂತ ತಂದವು ಎಷ್ಟು, ಓದಿದವಳು ಅನ್ನಿಸಿಕೊಳ್ಳಬೇಕು ಅಂತ ತಂದವು ಎಷ್ಟು? ಪ್ರಶಸ್ತಿ ಬಂದ ಪುಸ್ತಕಗಳ ಬಗ್ಗೆ ನನಗೆ ಗೌರವ ಇದೆ, ಎಷ್ಟೋ ಸಲ ನಾನೇ ಅವುಗಳನ್ನು ಜನರ ಕೈಗೆ ತುರುಕಿದ್ದೇನೆ. ಆದರೆ ಹದಿನೈದು ವರ್ಷ ಊಟವೇ ಸರಿಯಾಗಿ ಸೇರದವರಿಗೆ ಮೊದಲು ಕೊಡುವುದು ಗಂಜಿ, ಉಪ್ಪಿನಕಾಯಿ. ಪತ್ತೇದಾರಿ ಇಷ್ಟವಾಗಿತ್ತಾ? ಪತ್ತೇದಾರಿಯೇ ಓದಿ. ಮನೆ, ಸಂಸಾರ, ಅತ್ತೆ ಸೊಸೆ, ಮದುವೆ ತಪ್ಪಿ ಹೋದ ಹುಡುಗಿಯ ಕಥೆಗಳಾ? ಅದನ್ನೇ ಓದಿ. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವುಗಳಿಂದಲೇ ಕಾದಂಬರಿಯ ರುಚಿ ಹತ್ತಿಸಿಕೊಂಡು ಆಮೇಲೆ ದೊಡ್ಡ ದೊಡ್ಡ ಪುಸ್ತಕಗಳಿಗೆ ಹೋದವರು ನನ್ನ ಕೌಂಟರಿಗೆ ಎಷ್ಟು ಜನ ಬಂದಿದ್ದಾರೆ. ಅವರಲ್ಲಿ ಯಾರೂ ಶಪಥ ಮಾಡಿ ಹೋದವರಲ್ಲ. ಹಸಿವು ಅವರನ್ನು ಕರೆದುಕೊಂಡು ಹೋಯಿತು.

ಹದಿನೈದು ವರ್ಷದವರಿದ್ದಾಗ ಓದಿದ್ದನ್ನೇ ಮತ್ತೆ ಓದಿದರೂ ಸರಿ. ನಾನಂತೂ ಅಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ. ಕಥೆ ಗೊತ್ತಿರುವುದರಿಂದ ಎಲ್ಲಿ ಬಿಟ್ಟರೂ ದಾರಿ ತಪ್ಪುವುದಿಲ್ಲ, ಎಲ್ಲಿಂದ ಹಿಡಿದರೂ ಸಿಗುತ್ತದೆ. ವಾರಪತ್ರಿಕೆ ಧಾರಾವಾಹಿಗಳ ಕಾಲ ನೆನಪಿದೆಯಾ? ಸುಧಾ, ತರಂಗ ಬಂದ ದಿನ ಮೂರು ನಾಲ್ಕು ಪುಟ ಓದಿ ಇಡೀ ವಾರ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆವು. ಒಂದು ಕಂತಿಗೆ ಅಷ್ಟೇ ಪುಟ ಸಾಕಾಗಿತ್ತು. ಈಗ ಒಂದೇ ಕೂತಲ್ಲಿ ನೂರು ಪುಟ ಓದಿದರೆ ಮಾತ್ರ ಓದು ಅಂತ ಯಾಕೆ ಅಂದುಕೊಳ್ಳಬೇಕು? ದಿನಕ್ಕೆ ಒಂದು ಅಧ್ಯಾಯ ಓದಿ ಮುಚ್ಚಿಡಿ. ಮುಂದೇನಾಯಿತು ಅಂತ ಸ್ವಲ್ಪ ಒದ್ದಾಡಿ.

ಹಿಡಿಸದ ಪುಸ್ತಕ ಅರ್ಧಕ್ಕೆ ಬಿಡಬೇಕು. ತಟ್ಟೆಯಲ್ಲಿ ಅನ್ನ ಬಿಡಬಾರದು ಅಂತ ಬೆಳೆದವರು ನಾವು, ಅದಕ್ಕೇ ಪುಸ್ತಕವನ್ನೂ ಬಿಡಲಾರೆವು. ಮುಗಿಸದ ಒಂದು ಪುಸ್ತಕ ತಲೆದಿಂಬಿನ ಪಕ್ಕ ಇದ್ದರೆ ಮುಂದಿನ ಪುಸ್ತಕ ತೆರೆಯಲು ಧೈರ್ಯ ಬರುವುದಿಲ್ಲ. ಹೀಗೆ ಒಂದೇ ಪುಸ್ತಕ ಅಡ್ಡ ಮಲಗಿ ವರ್ಷಗಟ್ಟಲೆ ಓದು ನಿಂತ ಮನೆಗಳನ್ನು ನಾನು ಬಲ್ಲೆ. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಕ್ಕೆ ಅಂತ ಐದು ಸೂತ್ರ ಬರೆದರು. ಅವರು ಕೊನೆಯ ವರ್ಷಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದು, 1972ರಲ್ಲಿ ಇಲ್ಲೇ ತೀರಿಕೊಂಡರು. ನಮ್ಮ ತರಬೇತಿಯಲ್ಲಿ ಆ ಸೂತ್ರಗಳನ್ನು ಬಾಯಿಪಾಠ ಮಾಡಿಸಿದ್ದರು. ಪ್ರತಿ ಓದುಗನಿಗೂ ಅವನ ಪುಸ್ತಕ ಇದೆ ಅನ್ನುವುದು ಅದರಲ್ಲಿ ಒಂದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಇದ್ದಾನೆ ಅನ್ನುವುದು ಇನ್ನೊಂದು. ನಿಮಗೆ ಹಿಡಿಸದ ಪುಸ್ತಕಕ್ಕೆ ಬೇರೆ ಯಾರೋ ಓದುಗರು ಕಾಯುತ್ತಿದ್ದಾರೆ, ಅವರ ಹತ್ತಿರ ಹೋಗಲು ಅದಕ್ಕೆ ದಾರಿ ಬಿಡಿ.

ಈಗ ಕಣ್ಣಿನ ವಿಷಯ. ಕಣ್ಣು ಎಳೆಯುತ್ತದೆ ಅಂತ ಒಂದು ಮಾತಿನಲ್ಲಿ ಬರೆದು ಮುಂದೆ ಹೋಗಿದ್ದೀರಿ, ನಾನು ಅಲ್ಲೇ ನಿಂತೆ. ನಿಮಗೆ 43. ಚಾಳೀಸು ಬಂದಿದೆಯಾ ನೋಡಿಸಿದ್ದೀರಾ? ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಮೊದಲಿನಷ್ಟು ಬಗ್ಗುವುದಿಲ್ಲ, ಹತ್ತಿರದ ಅಕ್ಷರ ಹಿಡಿಯಲು ಕಷ್ಟ ಪಡುತ್ತದೆ. ದೂರದ್ದೆಲ್ಲ ಚೆನ್ನಾಗಿ ಕಾಣುವುದರಿಂದ ನಮಗೆ ಅನುಮಾನವೇ ಬರುವುದಿಲ್ಲ. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳುತ್ತೇವೆ, ಆಫೀಸಿನ ಪರದೆ ಒಂದು ಮೊಳ ದೂರದಲ್ಲಿ ಇರುತ್ತದೆ, ಹಾಗಾಗಿ ಅಲ್ಲೂ ಗೊತ್ತಾಗುವುದಿಲ್ಲ. ಸಿಕ್ಕಿಹಾಕಿಕೊಳ್ಳುವುದು ಪುಸ್ತಕ ಹಿಡಿದಾಗಲೇ. ಅದರಲ್ಲೂ ಕನ್ನಡ ಪುಸ್ತಕ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಎಷ್ಟು ಚಿಕ್ಕದಾಗಿ ಕೂತಿರುತ್ತವೆ ನೋಡಿ. ದ ಮತ್ತು ಧ ನಡುವೆ ಇರುವುದು ಹೊಟ್ಟೆ ಸೀಳಿದ ಒಂದು ಗೆರೆ ಮಾತ್ರ. ಅದು ಮಸುಕಾದರೆ ಪ್ರತಿ ಪದಕ್ಕೂ ಕಣ್ಣು ಒಂದೊಂದು ಕ್ಷಣ ಜಾಸ್ತಿ ದುಡಿಯಬೇಕು, ಹತ್ತು ಪುಟಕ್ಕೆ ಸುಸ್ತು. ಆ ಸುಸ್ತನ್ನು ನಾವು ಆಸಕ್ತಿ ಹೋಯಿತು ಅಂತ ತಿಳಿದುಕೊಳ್ಳುತ್ತೇವೆ. ಓದು ಬಿಟ್ಟುಹೋಯಿತು ಅಂತ ಬೇಸರ ಮಾಡಿಕೊಂಡಿದ್ದ ಎಷ್ಟೋ ಜನ ಕನ್ನಡಕ ಹಾಕಿದ ವಾರದಲ್ಲೇ ನನ್ನ ಕೌಂಟರಿಗೆ ಮರಳಿ ಬಂದಿದ್ದಾರೆ. ಈ ವಾರವೇ ಕಣ್ಣು ತೋರಿಸಿ. ಪುಸ್ತಕದ ಪಕ್ಕದಲ್ಲಿ ಒಂದು ಒಳ್ಳೆಯ ಟೇಬಲ್ ಲ್ಯಾಂಪ್ ಇಟ್ಟುಕೊಳ್ಳಿ, ಹಾಲಿನ ಮೂಲೆಯ ಟ್ಯೂಬ್‌ಲೈಟ್ ಸಾಲದು.

ಇನ್ನೊಂದು ತೊಡಕು ಇದೆ. ನೀವು ಬರೆದಿಲ್ಲ, ಆದರೆ ನಿಮ್ಮ ಹಾಗೆ ಇಂಗ್ಲಿಷಿನಲ್ಲೇ ದಿನವಿಡೀ ಕೆಲಸ ಮಾಡುವವರಲ್ಲಿ ತುಂಬಾ ನೋಡಿದ್ದೇನೆ. ಕನ್ನಡ ಓದುವ ವೇಗ ಇಳಿದುಹೋಗಿರುತ್ತದೆ, ಅದನ್ನು ಹೇಳಿಕೊಳ್ಳಲು ನಾಚಿಕೆ. ಕಣ್ಣಿಗೆ ರೂಢಿ ತಪ್ಪಿದೆ, ಬೇರೇನೂ ಆಗಿಲ್ಲ. ಮಾತುಕತೆ ಜಾಸ್ತಿ ಇರುವ ಪುಸ್ತಕ ಆರಿಸಿ, ಮೊದಲ ಒಂದು ವಾರ ಬಾಯಿ ಬಿಟ್ಟು ಓದಿ. ಧಾರವಾಡದ ಕಡೆಯ ಮಾತೋ, ಕುಂದಾಪುರದ ಕಡೆಯದೋ ಇದ್ದರಂತೂ ಜೋರಾಗಿಯೇ ಓದಬೇಕು, ಕಣ್ಣಿಗೆ ಅರ್ಥವಾಗದ್ದು ಕಿವಿಗೆ ಅರ್ಥವಾಗುತ್ತದೆ. ನಿಮ್ಮ ಮನೆಯಲ್ಲಿ ಮಕ್ಕಳೋ, ವಯಸ್ಸಾದ ಅಮ್ಮನೋ ಇದ್ದರೆ ಅವರಿಗೇ ಓದಿ ಹೇಳಿ. ನಮ್ಮಲ್ಲಿ ಓದು ಅನ್ನುವುದು ಒಬ್ಬರೇ ಮೂಲೆಯಲ್ಲಿ ಕೂತು ಮಾಡುವ ಕೆಲಸ ಆಗಿದ್ದು ಇತ್ತೀಚೆಗೆ. ಗಮಕದಲ್ಲಿ ಒಬ್ಬರು ಕಾವ್ಯ ವಾಚನ ಮಾಡುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ಊರವರೆಲ್ಲ ಕೂತು ಕೇಳುತ್ತಾರೆ. ಅಕ್ಷರ ಬಾರದವರೂ ಆ ಕಾವ್ಯದ ಓದುಗರೇ ಆಗಿದ್ದರು. ಅದಕ್ಕೇ ಆಡಿಯೋ ಪುಸ್ತಕ ಕೇಳಿದರೆ ಓದಿದ ಹಾಗಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಕನ್ನಡದ್ದೇ ಕೇಳುಪುಸ್ತಕಗಳಿವೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಕೇಳಿ.

ಮೊಬೈಲ್ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಇದನ್ನೇ ಮೊದಲ ಅಪರಾಧಿ ಮಾಡುತ್ತಾರೆ, ನಾನು ಹಿಂದಕ್ಕೆ ಇಟ್ಟೆ. ಪುಸ್ತಕ ಎಳೆಯದೇ ಹೋದಾಗ ಮೊಬೈಲ್ ಎಳೆಯುತ್ತದೆ, ಅಷ್ಟೇ. ಆದರೂ ಒಂದು ಸಂಗತಿ ತಿಳಿದಿರಲಿ. ಸೋಫೀ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ತೋರಿಸಿದ್ದು ಇದು: ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಭಾಗ ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ. ಆಫೀಸಿನ ಮೇಲ್, ಮಗನ ಶಾಲೆಯ ಗ್ರೂಪು, ಬೆಸ್ಕಾಂ ಬಿಲ್ಲು, ಇವೆಲ್ಲ ಅರ್ಧರ್ಧ ಬಿಟ್ಟು ಬಂದು ಪುಸ್ತಕ ತೆರೆದಾಗ ಮೊದಲ ಕೆಲವು ಪುಟ ಏನೂ ತಲೆಗೆ ಹೋಗದಿದ್ದರೆ ಅದು ಸಹಜ. ಕೂರುವ ಮೊದಲು ಬಾಕಿ ಕೆಲಸ ಒಂದು ಚೀಟಿಯಲ್ಲಿ ಬರೆದಿಡಿ. ಮೊಬೈಲನ್ನು ಬೇರೆ ಕೋಣೆಯಲ್ಲಿ ಇಡಿ, ಕೈಗೆ ಸಿಗುವ ಹಾಗಿದ್ದರೆ ಕೈ ಹೋಗಿಯೇ ಹೋಗುತ್ತದೆ. ಮೊದಲ ಹತ್ತು ನಿಮಿಷವನ್ನು ಒಲೆ ಕಾಯುವ ಹೊತ್ತು ಅಂದುಕೊಳ್ಳಿ, ಆಗಲೇ ದೋಸೆ ಏಳಲಿಲ್ಲ ಅಂತ ಬೇಸರ ಬೇಡ. ಮತ್ತೆ, ರಾತ್ರಿ ಹಾಸಿಗೆಯಲ್ಲೇ ಓದಬೇಕು ಅಂತ ಇಟ್ಟುಕೊಳ್ಳಬೇಡಿ. ಹನ್ನೆರಡು ಗಂಟೆ ಹೊರಗೆ ದುಡಿದ ದೇಹಕ್ಕೆ ಆ ಹೊತ್ತಿಗೆ ಬೇಕಾಗಿರುವುದು ನಿದ್ದೆ.

ಹಾಗಾದರೆ ಯಾವಾಗ? ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗದಲ್ಲಿ ಒಂದು ಗಂಟೆಗೂ ಜಾಸ್ತಿ ಪ್ರಯಾಣ, ಗಾಡಿ ಬದಲಿಸುವ ಕಷ್ಟವೂ ಇಲ್ಲ. ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುತ್ತಾರೆ, ನಿಂತೇ ಹೋಗಬೇಕಾಗಬಹುದು, ಗೊತ್ತು. ಅದಕ್ಕೆ ಒಂದು ಕೈಯಲ್ಲಿ ಹಿಡಿಯುವ ತೆಳ್ಳಗಿನ ಪುಸ್ತಕ ಬ್ಯಾಗಿನಲ್ಲಿರಲಿ, ಕಥಾಸಂಕಲನವೋ ಲಲಿತ ಪ್ರಬಂಧವೋ. ಒಂದು ಕಥೆ ಇಂದಿರಾನಗರ ಬರುವಷ್ಟರಲ್ಲಿ ಮುಗಿಯುತ್ತದೆ. ಜಾಗವೇ ಇಲ್ಲದ ದಿನ ಕಿವಿಗೆ ಆಡಿಯೋ. ದಪ್ಪ ಕಾದಂಬರಿ ಮನೆಯಲ್ಲೇ ಇರಲಿ, ಅದಕ್ಕೆ ಭಾನುವಾರ ಊಟ ಆದ ಮೇಲಿನ ಹೊತ್ತು. ನಾವು ಚಿಕ್ಕವರಿದ್ದಾಗ ಬೇಸಿಗೆ ರಜೆಯಲ್ಲಿ ಓದಿದ್ದೂ ಅದೇ ಹೊತ್ತಿನಲ್ಲಿ ಅಲ್ವಾ, ದೊಡ್ಡವರೆಲ್ಲ ಮಲಗಿದ ಮೇಲೆ ತಣ್ಣಗಿನ ನೆಲದ ಮೇಲೆ ಚಾಪೆ ಹಾಕಿಕೊಂಡು.

ಪುಸ್ತಕ ಕೊಳ್ಳುವುದನ್ನು ಸ್ವಲ್ಪ ದಿನ ನಿಲ್ಲಿಸಿ, ಲೈಬ್ರರಿಗೆ ಹೋಗಿ. ಇದು ನನ್ನ ಕೆಲಸದ ಅಭಿಮಾನದಿಂದ ಹೇಳುವ ಮಾತು ಹೌದು, ಆದರೆ ಕಾರಣವೂ ಇದೆ. ದುಡ್ಡು ಕೊಟ್ಟು ತಂದ ಪುಸ್ತಕ ಬಿಡುವುದು ಕಷ್ಟ. ಎರವಲು ತಂದದ್ದು ಹಿಡಿಸದಿದ್ದರೆ ವಾಪಸ್ ಕೊಟ್ಟರೆ ಮುಗಿಯಿತು, ನಷ್ಟ ಇಲ್ಲ, ಮನೆಯಲ್ಲಿ ರಾಶಿ ಬೆಳೆಯುವುದೂ ಇಲ್ಲ. ಜೊತೆಗೆ ವಾಪಸ್ ಕೊಡುವ ತಾರೀಖು ಅನ್ನುವುದು ಒಂದು ಒಳ್ಳೆಯ ಮಿತ್ರ. ನಿಮ್ಮ ಮನೆ ಹತ್ತಿರದ ಹಂಪಿನಗರದಲ್ಲೇ ದೊಡ್ಡ ನಗರ ಕೇಂದ್ರ ಗ್ರಂಥಾಲಯ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿ ಬರುತ್ತದೆ. ಈಗ ಅದು ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ಅಂದರೆ ಆ ರ‍್ಯಾಕಿನ ಪುಸ್ತಕಗಳಿಗೆ ನೀವು ಈಗಾಗಲೇ ದುಡ್ಡು ಕಟ್ಟಿದ್ದೀರಿ. ಸೋಮವಾರ ರಜೆ, ಭಾನುವಾರ ತೆರೆದಿರುತ್ತದೆ, ಕೆಲಸಕ್ಕೆ ಹೋಗುವವರಿಗೆ ಅನುಕೂಲ.

ಅಲ್ಲಿ ಹೋದಾಗ ಪಟ್ಟಿ ಹಿಡಿದುಕೊಂಡು ಹೋಗಬೇಡಿ. ಕಾದಂಬರಿ ರ‍್ಯಾಕಿನ ಮುಂದೆ ನಿಂತು ಬೈಂಡಿಂಗ್ ಸಡಿಲವಾದ, ಅಂಚು ಕಪ್ಪಾದ ಪುಸ್ತಕ ತೆಗೆಯಿರಿ. ಹಿಂದಿನ ಚೀಟಿ ನೋಡಿ. ಸೀಲುಗಳು ಒತ್ತೊತ್ತಾಗಿ ಬಿದ್ದಿದ್ದರೆ ನಿಮಗಿಂತ ಮೊದಲು ಎಷ್ಟೋ ಜನ ಅದನ್ನು ರಾತ್ರಿ ನಿದ್ದೆಗೆಟ್ಟು ಓದಿದ್ದಾರೆ. ಕೆಲವು ಕಡೆ ಈಗ ಕಂಪ್ಯೂಟರ್ ಬಂದು ಚೀಟಿ ಖಾಲಿ ಇರಬಹುದು, ಆಗ ಪುಟದ ಮೂಲೆ ಮಡಚಿದ್ದು, ಸಾರಿನ ಕಲೆ ನೋಡಿ. ಮೊದಲ ಎರಡು ಪುಟ ಅಲ್ಲೇ ನಿಂತು ಓದಿ. ಕಾಲು ನೋಯುವುದು ಮರೆತರೆ ಅದನ್ನು ತನ್ನಿ.

ಒಬ್ಬರೇ ಕೂತು ಓದಲು ಆಗುತ್ತಿಲ್ಲ ಅಂದರೆ ಶನಿವಾರ ಬೆಳಗ್ಗೆ ಕಬ್ಬನ್ ಪಾರ್ಕಿಗೆ ಹೋಗಿ. ಕಬ್ಬನ್ ರೀಡ್ಸ್ ಅಂತ ಜನ ಸೇರುತ್ತಾರೆ. ಮರದ ಕೆಳಗೆ ಚಾಪೆ ಹಾಕಿಕೊಂಡು ಅವರವರ ಪುಸ್ತಕ ಅವರವರು ಓದುತ್ತಾರೆ, ಮಾತಿಲ್ಲ, ಭಾಷಣ ಇಲ್ಲ, ನಿಮ್ಮ ಪುಸ್ತಕ ಯಾವುದು ಅಂತ ತಪಾಸಣೆ ಇಲ್ಲ. ನಿಮ್ಮದೇ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣ. ಹೆಂಗಸರಿಗೆ ನಾನು ಇದನ್ನು ವಿಶೇಷವಾಗಿ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ನಾವು ಪುಸ್ತಕ ಹಿಡಿದರೆ ಸುಮ್ನೆ ಕೂತಿದ್ದೇವೆ ಅಂತಲೇ ಲೆಕ್ಕ, ಅದೇ ಹೊತ್ತಿಗೆ ಒಬ್ಬರಿಗೆ ಕಾಫಿ, ಇನ್ನೊಬ್ಬರಿಗೆ ಸಾಕ್ಸ್. ಮರದ ಕೆಳಗೆ ಯಾರೂ ಏನೂ ಕೇಳುವುದಿಲ್ಲ. ಅಲ್ಲೇ ಪಾರ್ಕಿನೊಳಗೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದೆ, ಮಳೆ ಬಂದರೆ ಒಳಗೆ ಹೋಗಿ ಕೂರಿ.

ನನ್ನದೂ ಒಂದು ಮಾತು ಹೇಳಬೇಕು. ಅತ್ತೆಯವರು ಮಲಗಿದಲ್ಲೇ ಆಗಿದ್ದ ನಾಲ್ಕು ವರ್ಷ ನಾನು ಒಂದು ಪುಸ್ತಕವನ್ನೂ ಓದಲಿಲ್ಲ. ದಿನವಿಡೀ ಪುಸ್ತಕಗಳ ನಡುವೆ ಇದ್ದು, ಮುಟ್ಟಿ, ಸೀಲು ಹಾಕಿ, ಮನೆಗೆ ಬರಿಗೈಯಲ್ಲಿ ಹೋಗುತ್ತಿದ್ದೆ. ಆಮೇಲೂ ಓದಲು ಆಗಲಿಲ್ಲ, ಏನು ತೆರೆದರೂ ಮನಸ್ಸು ಆಸ್ಪತ್ರೆಗೆ ಹೋಗುತ್ತಿತ್ತು. ಒಂದು ದಿನ ಬೈಂಡಿಂಗ್‌ಗೆ ಕಳಿಸುವ ಹರಿದ ಪುಸ್ತಕ ಎಣಿಸುತ್ತಿದ್ದಾಗ ಹೊದಿಕೆಯೇ ಇಲ್ಲದ ಒಂದು ಹಳೆಯ ಸಾಂಸಾರಿಕ ಕಾದಂಬರಿ ಕೈಗೆ ಬಂತು. ಪುಟ ಸರಿಯಿದೆಯಾ ನೋಡಲು ತೆರೆದವಳು ಹಾಗೇ ಸ್ಟೂಲಿನ ಮೇಲೆ ಕೂತು ಓದಿದೆ. ಕೊನೆಯ ಫಾರಂ, ಅಂದರೆ ಒಟ್ಟಿಗೆ ಹೊಲಿದ ಪುಟಗಳ ಕಟ್ಟು, ಬಿಚ್ಚಿಹೋಗಿತ್ತು, ಹದಿನಾರು ಪುಟ ಇಲ್ಲ. ಆ ಹುಡುಗಿ ಅಪ್ಪನ ಮನೆಗೆ ಹೋದಳಾ ಇಲ್ಲವಾ ಗೊತ್ತಾಗಬೇಕಿತ್ತು. ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಮೂರು ಶಾಖೆ ಅಲೆದೆ, ಮೂರನೆಯದರಲ್ಲಿ ಇನ್ನೊಂದು ಪ್ರತಿ ಸಿಕ್ಕಿತು, ಮೆಟ್ಟಿಲ ಮೇಲೆ ಕೂತು ಆ ಹದಿನಾರು ಪುಟ ಮುಗಿಸಿದೆ. ಸಾಹಿತ್ಯದ ಚರಿತ್ರೆಯಲ್ಲಿ ಆ ಪುಸ್ತಕಕ್ಕೆ ಜಾಗ ಇಲ್ಲ. ನನಗೆ ಬೇಕಾಗಿದ್ದದ್ದು ಅದೇ. ಆ ವಾರವೇ ಇನ್ನೊಂದು ಮನೆಗೆ ತಂದೆ.

ಕೊನೆಗೆ ನಿಮ್ಮ 37 ಪುಸ್ತಕ. ಯಾರಿಗೂ ಕೊಡಬೇಡಿ, ಈಗಲೇ ಅಲ್ಲ. ಎರಡು ರಟ್ಟಿನ ಡಬ್ಬ ತಂದು ನಡುವೆ ಒಂದಿಷ್ಟು ಒಣಗಿದ ಬೇವಿನ ಸೊಪ್ಪು ಹಾಕಿ ಅಟ್ಟಕ್ಕೆ ಏರಿಸಿ. ದಿನಾ ಕಣ್ಣೆದುರು ನಿಂತು ಬಾಕಿ ಕೇಳುವುದು ನಿಲ್ಲಲಿ. ಏರಿಸುವ ಮೊದಲು ಒಂದೊಂದನ್ನೂ ಕೈಗೆ ತೆಗೆದುಕೊಂಡು ಒಂದು ಪುಟ ಓದಿ, ಎರಡನೇ ಪುಟಕ್ಕೆ ಕೈ ತಾನಾಗಿ ಹೋದವನ್ನು ಮಾತ್ರ ಹೊರಗೆ ಇಡಿ. ಮೂರು ಸಿಗಬಹುದು, ಒಂದೂ ಸಿಗದೆ ಇರಬಹುದು. ಆರು ತಿಂಗಳು ಲೈಬ್ರರಿ ಪುಸ್ತಕ ಓದಿ, ಆಮೇಲೆ ಡಬ್ಬ ಇಳಿಸಿ ಇನ್ನೊಮ್ಮೆ ಹಾಗೇ ನೋಡಿ. ಆಗಲೂ ಕೈ ಹೋಗದ ಪುಸ್ತಕಗಳನ್ನು ಹತ್ತಿರದ ಶಾಖಾ ಗ್ರಂಥಾಲಯದಲ್ಲಿ ವಿಚಾರಿಸಿ ಕೊಡಿ, ಇಲ್ಲದಿದ್ದರೆ ಓದುವ ಸ್ನೇಹಿತರಿಗೆ ಕೊಡಿ. ಕಣ್ಣು ತೋರಿಸುವುದು ಮಾತ್ರ ಆರು ತಿಂಗಳು ತಡ ಮಾಡಬೇಡಿ.